ಲಾರ್ಡ್ಸ್ ಟೂರ್: ಆಂಡರ್ಸನ್ ಹೆಸರು ಹುಡುಕಿಕೊಂಡು ಹೋದೆ

ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದ ಟೂರ್‌ಗೆ ನಾನು ಹೋಗಿದ್ದು ಇಂಗ್ಲೆಂಡ್‌ನ ವೇಗದ ಬೌಲರ್ ಜೇಮ್ಸ್ ಆಂಡರ್ಸನ್ ಸಲುವಾಗಿ. ಅವನ ಅಭಿಮಾನಿ ಅಂತೇನಲ್ಲ. ಟೆಸ್ಟ್‌ನಲ್ಲಿ ಅವನು ತೆಗೆದ 704 ವಿಕೆಟ್‌ಗಳಲ್ಲಿ 149 ನಮ್ಮವರದ್ದೇ, ಹಾಗಾಗಿ ನನ್ನ ಎಷ್ಟೋ ಸಂಜೆಗಳನ್ನು ಹಾಳು ಮಾಡಿದ ಆಸಾಮಿ. ಅಷ್ಟು ಕಾಡಿದವನ ಜಾಗ ಒಮ್ಮೆ ನೋಡಬೇಕು ಅನ್ನಿಸುತ್ತೆ, ಅಲ್ವಾ? ನಿಜವಾಗಿ ಅವನ ತವರು ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್, ಅಲ್ಲಿ ಬೌಲಿಂಗ್ ಮಾಡುವ ಒಂದು ತುದಿಗೇ (ಎಂಡ್) ಅವನ ಹೆಸರಿದೆ. ಆದರೆ ಅವನ ಟೆಸ್ಟ್ ಆಟ ಶುರುವಾಗಿದ್ದೂ ಮುಗಿದಿದ್ದೂ ಲಾರ್ಡ್ಸ್‌ನಲ್ಲಿ.

ಮ್ಯೂಸಿಯಂ ಚೆನ್ನಾಗಿದೆ. ಇಂಗ್ಲೆಂಡ್-ಆಸ್ಟ್ರೇಲಿಯಾ ಸರಣಿಗೆ ಹೆಸರು ಕೊಟ್ಟ ಆ್ಯಷಸ್ ಕುಡಿಕೆ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಇದಕ್ಕಾ ಇಷ್ಟು ಜಗಳ ಅನ್ನಿಸಿತು. 1936ರಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡು ತಗುಲಿ ಸತ್ತ ಗುಬ್ಬಿಯನ್ನು ಹಾಗೇ ಒಣಗಿಸಿ ಇಟ್ಟಿದ್ದಾರೆ, ಪಾಪ. ಆಟಗಾರರು ಮೈದಾನಕ್ಕೆ ಹಾದುಹೋಗುವ ಲಾಂಗ್ ರೂಮ್‌ನಲ್ಲಿ ಇಂಗ್ಲೆಂಡ್ ಬ್ಯಾಟ್ಸ್‌ಮನ್ ಡೇವಿಡ್ ಸ್ಟೀಲ್ ನೆನಪಾದ. 1975ರಲ್ಲಿ ಬ್ಯಾಟಿಂಗ್‌ಗೆ ಹೊರಟವನು ಒಂದು ಮಹಡಿ ಜಾಸ್ತಿ ಇಳಿದು ಸೀದಾ ಟಾಯ್ಲೆಟ್‌ಗೆ ಹೋಗಿಬಿಟ್ಟಿದ್ದನಂತೆ. ಆ ಮೆಟ್ಟಿಲು ನೋಡಿದರೆ ಅವನ ತಪ್ಪೇನಿಲ್ಲ ಅನ್ನಿಸುತ್ತೆ.

ಆದರೆ ಕೊಟ್ಟ ದುಡ್ಡು ವಸೂಲಾಗುವುದು ಡ್ರೆಸ್ಸಿಂಗ್ ರೂಮ್‌ನಲ್ಲಿ. ಇಂಗ್ಲೆಂಡ್ ಆಟಗಾರರ ಕೋಣೆಯ ಗೋಡೆಯಲ್ಲಿ ಆನರ್ಸ್ ಬೋರ್ಡ್‌ಗಳಿವೆ. ಸೆಂಚುರಿ ಹೊಡೆದರೆ, ಇಲ್ಲಾ ಒಂದು ಇನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದರೆ ಹೆಸರು ಬರುತ್ತೆ. ಬೌಲರ್‌ಗಳ ಬೋರ್ಡ್‌ನಲ್ಲಿ ಬೆರಳಿಟ್ಟು ಹುಡುಕುವ ಹಾಗೆ ಕಣ್ಣಾಡಿಸಿದೆ. 2003, ಆಂಡರ್ಸನ್, 73ಕ್ಕೆ 5, ಅಂದರೆ 73 ರನ್ ಕೊಟ್ಟು 5 ವಿಕೆಟ್. ಜಿಂಬಾಬ್ವೆ ಮೇಲೆ ಮೊದಲ ಟೆಸ್ಟ್, ವಯಸ್ಸು 20. ಆಮೇಲೆ 2017ರಲ್ಲಿ ವೆಸ್ಟ್ ಇಂಡೀಸ್ ಮೇಲೆ 42ಕ್ಕೆ 7. 2018ರಲ್ಲಿ 20ಕ್ಕೆ 5, ಅದು ನಾವು 107ಕ್ಕೆ ಮುದುರಿಕೊಂಡ ದಿನ, ಅದರ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಮಧ್ಯೆ 2006ರಲ್ಲಿ ಬೆನ್ನಿನ ಮೂಳೆ ಬಿರುಕು ಬಿಟ್ಟಿತ್ತು, ಬೌಲಿಂಗ್ ಶೈಲಿ ತಿದ್ದಲು ಹೋಗಿ ಹಾಗಾಯಿತು ಅನ್ನುವವರಿದ್ದಾರೆ, ಅದೆಲ್ಲ ಬೋರ್ಡ್ ಹೇಳುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಅಲ್ಲಿ ಇಲ್ಲದ ಒಂದು ಸಾಲು. 2024ರ ಜುಲೈನಲ್ಲಿ ಇಲ್ಲೇ ಅವನ ಕೊನೆಯ ಟೆಸ್ಟ್, 188ನೆಯದು. ಕೊನೆಯ ದಿನ ಬೆಳಿಗ್ಗೆ ಅವನದೇ ಬೌಲಿಂಗ್‌ನಲ್ಲಿ ವೆಸ್ಟ್ ಇಂಡೀಸ್‌ನ ಮೋಟೀ ಹೊಡೆದ ಚೆಂಡು ನೇರ ಕೈಗೇ ಬಂತು, ಕ್ಯಾಚ್ ಬಿಟ್ಟ. ಪಂದ್ಯದಲ್ಲಿ ಒಟ್ಟು 4 ವಿಕೆಟ್, ಹೆಸರು ಬರಲಿಲ್ಲ. ಅದೇ ಪಂದ್ಯದಲ್ಲಿ ಚೊಚ್ಚಲ ಟೆಸ್ಟ್ ಆಡಿದ ಗಸ್ ಆಟ್ಕಿನ್ಸನ್ 12 ವಿಕೆಟ್ ತೆಗೆದ. ಆಂಡರ್ಸನ್ ಹೆಸರು ಬೋರ್ಡ್‌ಗೆ ಏರಿದ್ದು ಯಾವ ರೀತಿಯೋ ಅದೇ ರೀತಿ, ಮೊದಲ ಪಂದ್ಯದಲ್ಲೇ, ಅವನದೂ ಏರಿತು.

ಇಷ್ಟು ಹೊತ್ತಿಗೆ ಗುಂಪಿನವರೆಲ್ಲ ಬಾಲ್ಕನಿಯಲ್ಲಿ ಫೋಟೊ ಮುಗಿಸಿದ್ದರು, ನನ್ನದು ಒಂದೂ ಇಲ್ಲ. ತಪ್ಪು ನನ್ನದೇ.

ಎದುರಾಳಿಗಳ ಕೋಣೆಯನ್ನು ತಪ್ಪಿಸಬೇಡಿ. ಸಚಿನ್ ಟೆಸ್ಟ್ ಬೋರ್ಡ್‌ನಲ್ಲಿಲ್ಲ, ಕೊಹ್ಲಿಯೂ ಇಲ್ಲ, ಆದರೆ ನಮ್ಮ ವೆಂಕಟೇಶ್ ಪ್ರಸಾದ್ ಇದ್ದಾನೆ, 1996. ಅದೇ ಪಂದ್ಯದಲ್ಲಿ 95ಕ್ಕೆ ಔಟಾಗಿ ಬೋರ್ಡ್ ತಪ್ಪಿಸಿಕೊಂಡ ದ್ರಾವಿಡ್, ಹದಿನೈದು ವರ್ಷ ಕಾದು 2011ರಲ್ಲಿ 103 ಹೊಡೆದು ಬಂದ. ಕೆ.ಎಲ್. ರಾಹುಲ್ 2021ರಲ್ಲಿ 129. ಅದೇ ಇನಿಂಗ್ಸ್‌ನಲ್ಲಿ ಆಂಡರ್ಸನ್ 62ಕ್ಕೆ 5, ಅದು ಆ ಕಡೆ ಕೋಣೆಯಲ್ಲಿ. ಒಂದೇ ಇನಿಂಗ್ಸ್‌ನ ಲೆಕ್ಕ ಎರಡು ಕೋಣೆಯಲ್ಲಿ ಅರ್ಧರ್ಧ. ಆ ಟೆಸ್ಟ್‌ನಲ್ಲಿ ಕೊನೆಯ ವಿಕೆಟ್ ಆಗಿ ಬೌಲ್ಡ್ ಆಗಿದ್ದೂ ಆಂಡರ್ಸನ್ನೇ, ಸಿರಾಜ್ ಬೌಲಿಂಗ್‌ನಲ್ಲಿ, ಸೊನ್ನೆಗೆ. ಅದಕ್ಕೊಂದು ಬೋರ್ಡ್ ಇರಬೇಕಿತ್ತು.

ಮೀಡಿಯಾ ಸೆಂಟರ್‌ನಿಂದ ಮೈದಾನದ ಇಳಿಜಾರು ಗಮನಿಸಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು ಎರಡೂವರೆ ಮೀಟರ್. ಟಿವಿಯಲ್ಲಿ ಇದು ಕಾಣುವುದೇ ಇಲ್ಲ. ಪೆವಿಲಿಯನ್ (ಆಟಗಾರರ ಕಟ್ಟಡ) ಕಡೆಯ ತುದಿಯಿಂದ ಹಾಕಿದ ಚೆಂಡು ಬಲಗೈ ಬ್ಯಾಟ್ಸ್‌ಮನ್‌ಗೆ ಒಳಗೆ ಬರೋಕೆ ನೆಲವೇ ಸಹಾಯ ಮಾಡುತ್ತೆ. ಈ ಮೈದಾನದಲ್ಲಿ ಆಂಡರ್ಸನ್‌ಗೆ 123 ವಿಕೆಟ್ ಸಿಕ್ಕಿದ್ದು ಬರೀ ಇಳಿಜಾರಿನಿಂದಲ್ಲ ಬಿಡಿ, ಅದೇ ಇಳಿಜಾರಿನಲ್ಲಿ ಎಷ್ಟೋ ಬೌಲರ್‌ಗಳು ಒದ್ದಾಡಿದ್ದಾರೆ.

ಟಿಕೆಟ್ ಅಗ್ಗ ಅಲ್ಲ. ನಾನು ಯಾವುದೋ ಮಧ್ಯವರ್ತಿ ಸೈಟ್‌ನಲ್ಲಿ ಬುಕ್ ಮಾಡಿ ಸುಮ್ನೆ ಜಾಸ್ತಿ ತೆತ್ತೆ, ನೀವು ಲಾರ್ಡ್ಸ್‌ನವರದ್ದೇ ಸೈಟ್‌ನಲ್ಲಿ ಮಾಡಿ. ದೊಡ್ಡ ಪಂದ್ಯ ಇಲ್ಲದ ದಿನ ನೋಡಿಕೊಳ್ಳಿ. ಸೇಂಟ್ ಜಾನ್ಸ್ ವುಡ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಬಾಲ್ಕನಿ ಫೋಟೊ ಮೊದಲು ತೆಗೆಸಿಕೊಳ್ಳಿ, ಬೋರ್ಡ್ ಆಮೇಲೆ.