ಬಿಗಿ ಜೀನಿಗೆ ದಪ್ಪ ಪ್ಯಾಡ್ ಹಾಕಿ ಅನ್ನುವವರನ್ನು ನಂಬಬೇಡಿ

"ಜೀನು ಸ್ವಲ್ಪ ಬಿಗಿ ಅನ್ನಿಸಿದ್ರೆ ಚಿಂತೆ ಬೇಡ, ಕೆಳಗೆ ಒಂದು ದಪ್ಪ ಪ್ಯಾಡ್ ಹಾಕಿ, ಸರಿಹೋಗುತ್ತೆ." ಕುದುರೆ ಜೀನು ಮಾರುವವರು ಹೀಗೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇದೇ ಮಾತು ಹೇಳಿ ನನಗೆ ಜೀನು, ಪ್ಯಾಡು ಎರಡನ್ನೂ ಮಾರಿದರು. ಅನುಭವಿಸಿದ್ದು ನನ್ನ ಕುದುರೆ.

ಮೊದಲು ಶುರುವಾದದ್ದು ಅವಳ ಸಿಡುಕು. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿಕೊಂಡು ಕಚ್ಚಲು ಬರುತ್ತಿದ್ದಳು. ಮಾರಿದವರನ್ನು ಕೇಳಿದರೆ, "ಹೆಣ್ಣು ಕುದುರೆ ಅಲ್ವಾ, ಹಂಗೇ" ಎಂದರು. ಆಮೇಲೆ ಒಂದು ಸವಾರಿ ಮುಗಿಸಿ ಜೀನು ಇಳಿಸಿದಾಗ ಬೆನ್ನೆಲ್ಲಾ ಬೆವರಿ ತೊಪ್ಪೆಯಾಗಿತ್ತು. ಆದರೆ ಕತ್ತಿನ ಬುಡದ ಉಬ್ಬಿನ ಕೆಳಗೆ, ಎರಡೂ ಪಕ್ಕ, ಅಂಗೈ ಅಗಲದಷ್ಟು ಜಾಗ ಒಣಗಿಯೇ ಇತ್ತು. ಫೋಟೊ ಕಳಿಸಿದೆ. "ಅಲ್ಲಿ ಚೆನ್ನಾಗಿ ಕೂತಿದೆ ಅಂತ ಅರ್ಥ" ಎಂದರು. ಎಂಥ ಸುಳ್ಳು! ಸುತ್ತ ಒದ್ದೆಯಾಗಿ ಅಲ್ಲಿ ಮಾತ್ರ ಒಣಗಿದ್ದರೆ, ಒತ್ತಡ ಜಾಸ್ತಿಯಾಗಿ ಬೆವರೇ ಬರುತ್ತಿಲ್ಲವೇನೋ ಎಂದು ಮೊದಲು ಅನುಮಾನಿಸಬೇಕು. ಪಶುವೈದ್ಯರು ಅಲ್ಲಿ ಬೆರಳೂರಿದ ತಕ್ಷಣ ಅವಳು ಬೆನ್ನು ಕುಗ್ಗಿಸಿ ಪಕ್ಕಕ್ಕೆ ಸರಿದಳು. ಕೆಲವು ತಿಂಗಳ ಮೇಲೆ ಅಲ್ಲಿ ಬಿಳಿ ಕೂದಲು ಹುಟ್ಟಿತು. ಒತ್ತಡಕ್ಕೆ ಕೂದಲಿನ ಬುಡವೇ ಏಟು ತಿಂದಾಗ ಹೀಗಾಗುತ್ತದೆ.

ಬೂಟು ಬಿಗಿಯಾಗಿದೆ ಅಂತ ಯಾರಾದರೂ ದಪ್ಪ ಕಾಲುಚೀಲ ಹಾಕಿಕೊಳ್ಳುತ್ತಾರಾ? ಜೀನಿನೊಳಗೆ ಟ್ರೀ ಎನ್ನುವ ಗಟ್ಟಿ ಚೌಕಟ್ಟು ಇರುತ್ತದೆ. ಅದು ಕಿರಿದಾಗಿದ್ದರೆ ಪ್ಯಾಡ್ ದಪ್ಪ ಆದಷ್ಟೂ ಇಕ್ಕಟ್ಟು ಹೆಚ್ಚುತ್ತದೆ. ಸರಿಯಾಗಿ ಕೂರುವ ಜೀನಿನ ಕೆಳಗೆ ಪ್ಯಾಡಿಗೆ ಇರುವ ಕೆಲಸ ಬೆವರು ಹೀರುವುದು, ಉಜ್ಜದಂತೆ ನೋಡಿಕೊಳ್ಳುವುದು, ಅಷ್ಟೇ. ಅದನ್ನೂ ಬೆನ್ನಿಗೆ ಬಿಗಿದು ಹಾಕಬಾರದು. ಜೀನಿನ ಅಡಿಯಲ್ಲಿ, ಬೆನ್ನೆಲುಬಿನ ನೇರಕ್ಕೆ ಉದ್ದಕ್ಕೂ ಒಂದು ನಡುಸಂದಿ ಇರುತ್ತದೆ. ಪ್ಯಾಡಿನ ಮುಂಭಾಗವನ್ನು ಅದರೊಳಗೆ ಎತ್ತಿ ಸೇರಿಸಿ, ಆಮೇಲೆ ಪಟ್ಟಿ ಕಟ್ಟಿ.

ಕೊಳ್ಳುವ ಮುಂಚೆ ಪ್ಯಾಡ್ ಇಲ್ಲದೆ, ಬರಿಬೆನ್ನ ಮೇಲೆ ಜೀನು ಇಟ್ಟು ನೋಡಿ. ಸ್ವಲ್ಪ ಮುಂದಿಟ್ಟು ಹಿಂದಕ್ಕೆ ಜಾರಿಸಿದರೆ, ಹೆಗಲ ಮೂಳೆಯ ಹಿಂದೆ ತಾನಾಗಿ ನಿಲ್ಲುತ್ತದೆ. ಉಬ್ಬಿನ ಮೇಲೆ 2-3 ಬೆರಳಿನಷ್ಟು ಜಾಗ ಬೇಕು, ಅದೂ ಸವಾರ ಹತ್ತಿ ಕೂತ ಮೇಲೆ. ನಂತರ ಜೀನಿನ ಕೆಳಗೆ ಕೈ ತೂರಿಸಿ ಮುಂದಿನಿಂದ ಹಿಂದಕ್ಕೆ ಸವರಿಕೊಂಡು ಹೋಗಿ. ಮುಂದೆ ಒತ್ತಿ, ನಡುವೆ ಸಡಿಲವಾಗಿ, ಹಿಂದೆ ಮತ್ತೆ ಒತ್ತಿದರೆ ಭಾರವೆಲ್ಲ ಎರಡು ತುದಿಗೇ ಬೀಳುತ್ತದೆ. ಬೆನ್ನೆಲುಬಿನ ಮೇಲೆ ನಡುಸಂದಿ ಉದ್ದಕ್ಕೂ ತೆರೆದಿರಬೇಕು. ಹಿಂತುದಿ ಕೊನೆಯ ಪಕ್ಕೆಲುಬು ದಾಟಬಾರದು. ಇಷ್ಟಕ್ಕೇ ಮಾರುವವರ ಮುಖ ಸಣ್ಣಗಾದರೆ ಆಗಲಿ ಬಿಡಿ.

ಹಳೆಯ ಜೀನಾದರೆ ಮುಂತುದಿಯನ್ನು ತೊಡೆಗೆ ಆನಿಸಿ ಹಿಂತುದಿಯನ್ನು ಎಳೆದು ನೋಡಿ. ಕಟಕಟ ಸದ್ದು ಬಂದರೆ, ಮಡಚುವಂತಾದರೆ, ಚೌಕಟ್ಟು ಮುರಿದಿರಬಹುದು. ನಮಗೆ ಕೂರಲು ಹಿತವಾಗಿದೆಯಾ ಅನ್ನುವುದೂ ಮುಖ್ಯವೇ. ಆದರೆ ಅದು ಎರಡನೆಯ ಮಾತು.

ಸವಾರಿ ಮಾಡಿ ನೋಡಲು ನನಗೆ ಬಿಡಲಿಲ್ಲ, "ಚರ್ಮಕ್ಕೆ ಗೀರು ಬೀಳುತ್ತೆ" ಎಂದರು. ಆಮೇಲೆ ಗೀರು ಬಿದ್ದಿದೆ ಅಂತಲೇ ವಾಪಸ್ ತಗೊಳ್ಳಲಿಲ್ಲ. ನೀವು ತಗೊಳ್ಳುವಾಗ ಕೆಲವು ದಿನ ಓಡಿಸಿ ನೋಡುವ, ಹೊಂದದಿದ್ದರೆ ಹಿಂದಿರುಗಿಸುವ ಮಾತನ್ನು ಬರಹದಲ್ಲಿ ಪಡೆಯಿರಿ.