ವಿಕಿಮೀಡಿಯಾದ ಬಿಟ್‌ಕಾಯಿನ್ ದೇಣಿಗೆ ಸೇವೆ: ಒಂದು ವಿಮರ್ಶೆ

ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ ಪ್ರತಿಷ್ಠಾನವು 2014ರ ಜುಲೈನಲ್ಲಿ ಆರಂಭಿಸಿ 2022ರ ಮೇ ತಿಂಗಳಲ್ಲಿ ಕೈಬಿಟ್ಟ ಬಿಟ್‌ಕಾಯಿನ್ (ಅಂತರ್ಜಾಲದಲ್ಲಿ ಚಲಾವಣೆಯಾಗುವ ಡಿಜಿಟಲ್ ನಾಣ್ಯ) ದೇಣಿಗೆ ಸೇವೆಯು ರಚನೆಯಲ್ಲಿ ಅಚ್ಚುಕಟ್ಟಾಗಿಯೇ ಇತ್ತು. ಆರಂಭದಲ್ಲಿ ಕಾಯಿನ್‌ಬೇಸ್, ಕೊನೆಯಲ್ಲಿ ಬಿಟ್‌ಪೇ ಎಂಬ ಮಧ್ಯವರ್ತಿ ಕಂಪನಿಗಳ ಮೂಲಕ ಬಂದ ನಾಣ್ಯವನ್ನು ಸಂಸ್ಥೆಯು ತನ್ನಲ್ಲಿ ಉಳಿಸಿಕೊಳ್ಳದೆ ಡಾಲರಿಗೆ ಪರಿವರ್ತಿಸುತ್ತಿದ್ದುದರಿಂದ, ಬೆಲೆಯ ಏರಿಳಿತದ ಹೊರೆ ಅದರ ಮೇಲೆ ಬೀಳುತ್ತಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಡ್ ಇಲ್ಲದ ದಾನಿಗೂ ಇದು ಅನುಕೂಲವೇ ಆಗಿತ್ತು.

ಬಳಕೆ ಮಾತ್ರ ತೀರಾ ಅತ್ಯಲ್ಪ. ಸೇವೆ ನಿಲ್ಲುವ ಹಿಂದಿನ ಹಣಕಾಸು ವರ್ಷದಲ್ಲಿ ಬಿಟ್‌ಕಾಯಿನ್ ಮತ್ತು ಅದರಂಥ ಎಲ್ಲ ಬಗೆಯ ಕ್ರಿಪ್ಟೋ ನಾಣ್ಯಗಳೂ ಸೇರಿ 347 ದಾನಿಗಳಿಂದ ಬಂದದ್ದು ಸುಮಾರು 1.3 ಲಕ್ಷ ಡಾಲರ್, ಅಂದರೆ ಆದಾಯದ ಶೇ 0.08ರಷ್ಟು. ಸ್ವಯಂಸೇವಕರ ಚರ್ಚೆಯಲ್ಲಿ 232 ಮಂದಿ ನಿಲ್ಲಿಸಬೇಕೆಂದೂ 94 ಮಂದಿ ನಿಲ್ಲಿಸಬಾರದೆಂದೂ ಅಭಿಪ್ರಾಯಪಟ್ಟರು. ಬಿಟ್‌ಕಾಯಿನ್ ಜಾಲದ ಅಪಾರ ವಿದ್ಯುತ್ ಬಳಕೆ ಅಲ್ಲಿನ ಮುಖ್ಯ ಆಕ್ಷೇಪಗಳಲ್ಲೊಂದು. ಇಷ್ಟು ಕಡಿಮೆ ದೇಣಿಗೆಗಳಿಂದ ಆ ಬಳಕೆ ಹೆಚ್ಚುತ್ತಿತ್ತೆಂಬ ವಾದ ನನಗೆ ದುರ್ಬಲವಾಗಿ ಕಾಣುತ್ತದೆ, ಆದರೆ ಇಷ್ಟು ಸಣ್ಣ ಮೊತ್ತಕ್ಕಾಗಿ ಸ್ವಯಂಸೇವಕರ ಅಸಮಾಧಾನ ಕಟ್ಟಿಕೊಳ್ಳದ ನಿರ್ಧಾರ ವಿವೇಕದ್ದೇ. ಬಿಟ್‌ಕಾಯಿನ್‌ನಲ್ಲೇ ಕೊಡಬಯಸುವವರಿಗೆ ಹಳೆಯ ಪುಸ್ತಕಗಳನ್ನೂ ಜಾಲಪುಟಗಳನ್ನೂ ಕಾಪಿಡುವ ಇಂಟರ್‌ನೆಟ್ ಆರ್ಕೈವ್ ಉತ್ತಮ ಆಯ್ಕೆ.