ಸಾವಯವ ಅಂತ ಕೊಟ್ಟ ಬಾಟಲಿಯಲ್ಲಿ ಇದ್ದದ್ದು ಫಿಪ್ರೊನಿಲ್ ಅನ್ನೋ ರಾಸಾಯನಿಕ ಕೀಟನಾಶಕ: ಮೆಣಸಿನಕಾಯಿ ಹಾಕಿದವರು ಓದಿ

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆ ಮೆಣಸಿನಕಾಯಿ ಹಾಕಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ರಾಯಚೂರು, ಕೊಪ್ಪಳದವರೂ ಓದಿ. ಹತ್ತಿಗೆ, ದಾಳಿಂಬೆಗೂ ಇದೇ ಮಾಲು ಕೊಡುತ್ತಿದ್ದಾರೆ ಅಂತ ಕೇಳಿದೆ. ನನಗೆ ಆಗಬೇಕಾದ ನಷ್ಟ ಆಗಿದೆ. ಆದರೆ ನನಗೆ ಇದನ್ನು ಮಾರಿದ ಕಂಪನಿ ಜನ ಬಾಟಲಿ ಹೆಸರು ಬದಲಿಸಿ ಮತ್ತೆ ಊರೂರಿಗೆ ಬರುತ್ತಿದ್ದಾರೆ. ನನ್ನ ವಿಡಿಯೋ ತೋರಿಸಿಯೇ ಮಾರುತ್ತಿದ್ದಾರೆ! ಹೌದು, ನನ್ನದೇ ವಿಡಿಯೋ. ಆ ಕಥೆಗೆ ಬರುತ್ತೇನೆ. ಕಂಪನಿ ಹೆಸರು, ಅಂಗಡಿ ಹೆಸರು ಇಲ್ಲಿ ಹಾಕಲ್ಲ. ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ.

2021ರಲ್ಲಿ ಕಪ್ಪು ಥ್ರಿಪ್ಸ್ (ಗಿಡದ ರಸ ಹೀರುವ ಸಣ್ಣ ನುಸಿ) ಬಂದಾಗ ಏನಾಯಿತು ಅಂತ ನಿಮಗೆ ಹೇಳಬೇಕಿಲ್ಲ. ಹೂವಿನೊಳಗೆ ಕೂತು ಹೂವನ್ನೇ ಉದುರಿಸಿಬಿಟ್ಟಿತು. ಗುಂಟೂರು ಕಡೆಯಿಂದ ನಮ್ಮ ಕಡೆಯವರೆಗೂ ರೈತರು ಗಿಡ ಕಿತ್ತು ಹಾಕಿದರು. ಬಿಟ್ಟೂ ಬಿಡದೆ ಎಣ್ಣೆ (ಕೀಟನಾಶಕ) ಹೊಡೆದವರೂ ಬೆಳೆ ಉಳಿಸಿಕೊಳ್ಳಲಿಲ್ಲ. ಅದನ್ನು ನೋಡಿದ ಮೇಲೆ ನಾನು ದಾರಿ ಬದಲಿಸಿದೆ. ಹೊಲದ ಸುತ್ತ ಜೋಳದ ಸಾಲು ಬಿತ್ತಿದೆ. ಸಾಲಿನ ನಡುವೆ ನೀಲಿ ಅಂಟು ಹಾಳೆ ಕಟ್ಟಿದೆ. ಈ ನುಸಿ ಕೋಶಾವಸ್ಥೆಗೆ ಮಣ್ಣಿಗೆ ಇಳಿಯುತ್ತದೆ, ಅದಕ್ಕೆ ಬೇವಿನ ಹಿಂಡಿ ಹಾಕಿದೆ. ಯೂರಿಯಾ ಕಡಿಮೆ ಮಾಡಿದೆ, ಗಿಡ ಮೆತ್ತಗೆ ಸೊಕ್ಕಿ ಬೆಳೆದಷ್ಟೂ ನುಸಿಗೆ ಹಬ್ಬ. ಬಿಸಿಲು ಇಳಿದ ಮೇಲೆ ಬೇವಿನ ಬೀಜದ ಕಷಾಯ ಹೊಡೆಯುತ್ತಿದ್ದೆ. ಇಳುವರಿ ಸ್ವಲ್ಪ ಇಳಿಯಿತು, ನಿಜ. ಆದರೆ ಲಾಗೋಡಿ (ಖರ್ಚು) ಅದಕ್ಕಿಂತ ಜಾಸ್ತಿ ಇಳಿಯಿತು. ವಿಷದ ಉಳಿಕೆ ಇಲ್ಲದ ಕಾಯಿ ಅಂತ ಒಬ್ಬ ಮಸಾಲೆ ಖರೀದಿದಾರರು ಮಾರ್ಕೆಟ್ ರೇಟಿಗಿಂತ ಮೇಲೆ ಕೊಟ್ಟು ಒಯ್ಯುತ್ತಿದ್ದರು. ಬ್ಯಾಡಗಿಗೆ ಲಾರಿ ಹಾಕಿಕೊಂಡು ಹೋಗೋ ತಾಪತ್ರಯವೂ ಇರಲಿಲ್ಲ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಇವರು ಹುಡುಕಿಕೊಂಡು ಬರುವುದೇ ಇಂಥವರನ್ನು. ಸಾವಯವ ಮಾಡುವವರನ್ನು.

ಹೋದ ಹಂಗಾಮಿನಲ್ಲಿ ಹೂವು ತುಂಬಿದ ಹೊತ್ತಿಗೆ ಮೋಡ ಕಟ್ಟಿತು, ಆಮೇಲೆ ಒಣ ಗಾಳಿ ಬಿಟ್ಟಿತು, ನುಸಿ ಏರತೊಡಗಿತು. ಸರಿಯಾಗಿ ಆಗಲೇ ಕಂಪನಿ ಹುಡುಗ ಬಂದ. ಗುಡಿ ಕಟ್ಟೆ ಮೇಲೆ ಮೀಟಿಂಗು, ಎಲ್ಲರಿಗೂ ಟೋಪಿ, ಉಪ್ಪಿಟ್ಟು, ಚಹಾ. ಬಾಟಲಿ ಮೇಲೆ ದೊಡ್ಡ ಹಸಿರು ಎಲೆ, ಅದರ ಕೆಳಗೆ 'ನೂರಕ್ಕೆ ನೂರು ಸಾವಯವ'. ಕಡಲಕಳೆ, ಬೇವು, ಹದಿನೆಂಟು ಗಿಡಮೂಲಿಕೆ ಅಂದ. ಆಮೇಲೆ ಬ್ಯಾಗಿನಿಂದ ಒಂದು ಬಾಟಲಿ ತೆಗೆದು, ಮುಚ್ಚಳಕ್ಕೆ ಬಗ್ಗಿಸಿ, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. "ನೋಡ್ರಣ್ಣಾ, ಕುಡಿದ್ರೂ ಏನಾಗಲ್ಲ. ಇದನ್ನ ಹೊಡೆಯೋಕೆ ಮಾಸ್ಕ್ ಬೇಡ, ಗ್ಲೌಸ್ ಬೇಡ, ಏನೂ ಬೇಡ." ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಬ್ಯಾಗಿನ ಬಾಟಲಿಯಲ್ಲಿ ಬೆಲ್ಲದ ನೀರು ಇತ್ತೋ ಏನಿತ್ತೋ. ನಮಗೆ ಮಾರಿದ್ದು ಅದಲ್ಲ, ಅಷ್ಟು ಮಾತ್ರ ಈಗ ಖಾತ್ರಿ.

ಲೀಟರಿಗೆ 2,400 ರೂಪಾಯಿ. ಬಿಲ್ ಕೇಳಿದೆ, ಅಂಗಡಿಯವರು ಬಿಲ್ಲನ್ನೂ ಕೊಟ್ಟರು. "ಬಿಲ್ ತಗೊಂಡಿಲ್ವಾ" ಅಂತ ಕಾಮೆಂಟ್ ಹಾಕೋರಿಗೆ ಈಗಲೇ ಹೇಳುತ್ತಿದ್ದೇನೆ, ತಗೊಂಡಿದ್ದೇನೆ.

ಹೊಡೆದ ಮರುದಿನ ಬೆಳಿಗ್ಗೆ ಬಿಳಿ ಹಾಳೆ ಹಿಡಿದು ಹೂವು ತಟ್ಟಿ ನೋಡಿದೆ. ಓಡಾಡುವ ನುಸಿ ಒಂದೂ ಬೀಳಲಿಲ್ಲ. ಬೇವಿನ ಕಷಾಯಕ್ಕೆ ಹೀಗೆ ಆಗುವುದಿಲ್ಲ. ಅದು ಹುಳ ತಿನ್ನುವುದನ್ನು ನಿಲ್ಲಿಸುತ್ತದೆ, ಬೆಳವಣಿಗೆ ಕೆಡಿಸುತ್ತದೆ, ನಿಧಾನಕ್ಕೆ ಕೆಲಸ ಮಾಡುತ್ತದೆ. ಹುಳಕ್ಕೆ ರೋಗ ತರುವ ಬವೇರಿಯಾ ಥರದ ಶಿಲೀಂಧ್ರಕ್ಕೂ ಕೆಲವು ದಿನ ಬೇಕು, ಜೊತೆಗೆ ಗಾಳಿಯಲ್ಲಿ ತೇವ ಬೇಕು, ನಮ್ಮ ಬಳ್ಳಾರಿ ಒಣ ಹವೆಯಲ್ಲಿ ಅದು ಸುಮ್ನೆ ಒಣಗಿಹೋಗುವುದೇ ಜಾಸ್ತಿ. ಇದೆಲ್ಲ ಗೊತ್ತಿದ್ದೂ ಆ ಹೊತ್ತಿಗೆ ಖುಷಿಯೇ ಖುಷಿ. ಹುಡುಗನಿಗೆ ಫೋನ್ ಮಾಡಿದೆ. "ನಾನು ಹೇಳಿದ್ನಲ್ಲಣ್ಣಾ! ಒಂದು ವಿಡಿಯೋ ಮಾಡಿ ಕಳಿಸ್ರಿ, ನಮ್ಮ ಸಾರು ನೋಡಿ ಖುಷಿ ಪಡ್ತಾರೆ" ಅಂದ. ಹೊಲದ ನಡುವೆ ನಿಂತು, ಬಾಟಲಿ ಹಿಡಿದು, ನಗುತ್ತಾ ಮಾತಾಡಿದ ವಿಡಿಯೋ ಅದು. ಈಗ ಅದು ಸಿಂಧನೂರಿನಲ್ಲಿ ಓಡುತ್ತಿದೆ, ಮಾನ್ವಿಯಲ್ಲಿ ಓಡುತ್ತಿದೆ. ಮೊನ್ನೆ ಗಂಗಾವತಿಯ ನಮ್ಮ ಬೀಗರು ಫೋನ್ ಮಾಡಿ "ಏನ್ ಬೀಗ್ರೇ, ಏಜೆನ್ಸಿ ತಗೊಂಡ್ರಾ?" ಅಂದರು. ನಾಚಿಕೆಯಿಂದ ಸತ್ತಂಗಾಯಿತು.

ಎರಡನೇ ಸಲ ಹೊಡೆದ ದಿನ ನಮ್ಮ ಓಣಿಯ ಹುಡುಗ ಪಂಪು ಹೊತ್ತಿದ್ದ. ಮಾಸ್ಕ್ ಬೇಡ ಅಂತ ಕಂಪನಿಯವನೇ ಹೇಳಿದ್ದನಲ್ಲ, ಮುಖಕ್ಕೆ ಟವೆಲ್ಲೂ ಕಟ್ಟಿರಲಿಲ್ಲ. ಸಂಜೆಗೆ ತಲೆನೋವು, ತಲೆ ಸುತ್ತು, ವಾಂತಿ. ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಡಾಕ್ಟರು ಮೊದಲು ಕೇಳಿದ್ದೇ "ಯಾವ ಎಣ್ಣೆ ಹೊಡೆದಿದ್ದ? ಬಾಟಲಿ ತಂದಿದ್ದೀರಾ?" ಬಾಟಲಿ ಕೊಟ್ಟೆ. ತಿರುಗಿಸಿ ನೋಡಿದರು. ಅದರಲ್ಲಿ ಏನಿದೆ ಅಂತಲೇ ಬರೆದಿಲ್ಲ. ಸರಿಯಾದ ಕೀಟನಾಶಕವಾದರೆ ಅದರೊಳಗಿನ ವಿಷದ ಹೆಸರು ಇರುತ್ತದೆ. ಮೈಗೆ ತಗುಲಿದರೆ ಯಾವ ಲಕ್ಷಣ, ಏನು ಪ್ರಥಮ ಚಿಕಿತ್ಸೆ, ಯಾವ ಪ್ರತಿವಿಷ ಅಂತ ಒಳಗಿನ ಚೀಟಿಯಲ್ಲಿ ಇರುತ್ತದೆ. ಇಲ್ಲಿ ಹಸಿರು ಎಲೆ ಚಿತ್ರ ಇದೆ, ಇದ್ಯಾವುದೂ ಇಲ್ಲ. "ಸಾವಯವ ಅಂತೀರಿ, ಮತ್ತೆ ಇವನಿಗೆ ಹಿಂಗ್ಯಾಕೆ ಆಯ್ತು?" ಅಂದರು ಡಾಕ್ಟರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗ ಹುಷಾರಾದ, ದೇವರು ದೊಡ್ಡವನು. ಅವರ ಅವ್ವ ಮಾತ್ರ ಈಗಲೂ ನನ್ನ ಮುಖ ನೋಡಿ ಮಾತಾಡಲ್ಲ.

ಕಂಪನಿ ಹುಡುಗನಿಗೆ ಫೋನ್ ಮಾಡಿದರೆ: "ಬಿಸಿಲಿಗೆ ಆಗಿರುತ್ತಣ್ಣಾ. ಊಟ ಮಾಡದೆ ಹೊಡೆದಿರಬೇಕು."

ಆಮೇಲೆ ಹೊಲ ಕೆಟ್ಟಿತು. ಮೊದಲೆಲ್ಲ ಗಿಡದ ಮೇಲೆ ಗುಲಗಂಜಿ ಹುಳು, ಜೇಡ ಓಡಾಡುತ್ತಿದ್ದವು. ನುಸಿ, ಹೇನು ತಿಂದು ನಮಗೆ ಉಪಕಾರ ಮಾಡುತ್ತಿದ್ದವು ಅವೇ. ಎಲ್ಲ ಮಾಯ. ನುಸಿ ವಾಪಸ್ ಬಂತು, ಮೊದಲಿಗಿಂತ ಜಾಸ್ತಿ ಬಂತು, ತಡೆಯೋಕೆ ಹೊಲದಲ್ಲಿ ಯಾರೂ ಉಳಿದಿರಲಿಲ್ಲ. ಥ್ರಿಪ್ಸ್‌ಗೆ ಎಲೆ ಮೇಲಕ್ಕೆ ಮುದುಡುತ್ತದೆ. ಈ ಸಲ ಕೆಳಕ್ಕೂ ಮುದುಡತೊಡಗಿತು, ಅಂದರೆ ಮೈಟ್ಸ್ (ರಸ ಹೀರುವ ಇನ್ನೊಂದು ಸಣ್ಣ ಜೀವಿ) ಕೂಡ ಏರಿತ್ತು. ಇದಕ್ಕೆ ಅವನ ಉತ್ತರ ಕೇಳಿ: "ಅದಕ್ಕೆ ನಮ್ಮದೇ ಇನ್ನೊಂದು ಪ್ರಾಡಕ್ಟ್ ಇದೆ ಅಣ್ಣಾ." ಅಲ್ಲಿಗೆ ನಾನು ನಿಲ್ಲಿಸಿದೆ, ಮತ್ತೆ ಬೇವು, ಅಂಟು ಹಾಳೆ ಅಂತ ಹಳೇ ದಾರಿಗೆ ಬಂದೆ.

ಆದರೆ ನಿಜವಾದ ಹೊಡೆತ ಕಾಯಿ ಬಿಡಿಸಿ ಒಣಗಿಸಿದ ಮೇಲೆ ಬಿತ್ತು. ಖರೀದಿದಾರರ ಕಡೆಯ ಹುಡುಗ ಸ್ಯಾಂಪಲ್ ಒಯ್ದ. ಆಮೇಲೆ ರಿಪೋರ್ಟ್ ಹಿಡಿದು ಮನೆಗೇ ಬಂದ. ಕೂತುಕೊಳ್ಳಲಿಲ್ಲ, ನೀರೂ ಬೇಡ ಅಂದ. "ಅಣ್ಣಾ, ನೀವು ಹಿಂಗೆ ಮಾಡ್ತೀರಿ ಅಂತ ಅಂದ್ಕೊಂಡಿರಲಿಲ್ಲ." ಹಾಳೆಯಲ್ಲಿ ಫಿಪ್ರೊನಿಲ್, ಅದರ ಕೆಳಗೆ ಎಮಾಮೆಕ್ಟಿನ್ ಬೆಂಜೋಯೇಟ್ ಅನ್ನೋ ಇನ್ನೊಂದು ಕೀಟನಾಶಕ. ಹಸಿ ಕಾಯಿ ಒಣಗಿದಾಗ ನೀರು ಹೋಗುತ್ತದೆ, ವಿಷ ಹೋಗುವುದಿಲ್ಲ, ಹಾಗಾಗಿ ಒಣ ಕಾಯಿಯಲ್ಲಿ ಅದು ಇನ್ನೂ ದಟ್ಟವಾಗಿ ಕೂರುತ್ತದೆ. ಹೊರದೇಶಕ್ಕೆ ಕಳಿಸುವ ಮಾಲು ಅವರದು, ಯುರೋಪಿನಲ್ಲಿ ಫಿಪ್ರೊನಿಲ್ ಬೆಳೆಗೆ ಹೊಡೆಯುವ ಹಾಗೇ ಇಲ್ಲ. "ನಾನು ಹೊಡೆದೇ ಇಲ್ಲಪ್ಪಾ" ಅಂದೆ. ಅವನು ರಿಪೋರ್ಟ್ ನೋಡಿದ, ನನ್ನ ನೋಡಿದ. ಆ ನೋಟ ಮರೆಯೋಕೆ ಆಗುತ್ತಿಲ್ಲ. ಮೋಸ ಮಾಡಿದ್ದು ಯಾರೋ, ಅವನ ಕಣ್ಣಿಗೆ ಕಳ್ಳ ನಾನು. ಅಷ್ಟೂ ಮಾಲು ವಾಪಸ್. ಕೊನೆಗೆ ಬಂದ ರೇಟಿಗೆ ಮಾರಿದೆ. ಅವರ ರೈತರ ಪಟ್ಟಿಯಿಂದ ನನ್ನ ಹೆಸರೂ ಹೋಯಿತು.

ಸೀಲ್ ಒಡೆಯದ ಒಂದು ಬಾಟಲಿ ಮನೆಯಲ್ಲಿ ಉಳಿದಿತ್ತು. ಕೈಯಿಂದ ದುಡ್ಡು ಹಾಕಿ ಲ್ಯಾಬಿಗೆ ಕಳಿಸಿದೆ. ಅದೇ ಎರಡು ಹೆಸರು ಬಂತು. ಅದೇ ಎರಡು!

ನೋಡಿ, ಫಿಪ್ರೊನಿಲ್ ಹೊಡೆಯಬೇಕು ಅಂದರೆ ನನಗೆ ಅಂಗಡಿ ಗೊತ್ತಿಲ್ವಾ? ಮೆಣಸಿನಕಾಯಿ ಥ್ರಿಪ್ಸ್‌ಗೆ ನೋಂದಣಿಯಾದ ಔಷಧಿಯೇ ಅದು. ಎಷ್ಟು ಹಾಕಬೇಕು, ಹೊಡೆದ ಮೇಲೆ ಎಷ್ಟು ದಿನ ಕಾಯಿ ಬಿಡಿಸಬಾರದು ಅಂತ ಬರೆದಿರುತ್ತದೆ. ಇದಕ್ಕಿಂತ ಎಷ್ಟೋ ಕಡಿಮೆ ರೇಟಿಗೆ ಸಿಗುತ್ತದೆ. ಸಾವಯವ ಅನ್ನೋ ಒಂದು ಮಾತಿಗೆ ಜಾಸ್ತಿ ದುಡ್ಡು ಕೊಟ್ಟು, ಅದೇ ವಿಷವನ್ನು ಅಳತೆ ಗೊತ್ತಿಲ್ಲದೆ, ಮಾಸ್ಕ್ ಇಲ್ಲದೆ, ಬಿಡಿಸುವ ದಿನಕ್ಕೆ ಲೆಕ್ಕ ಇಲ್ಲದೆ ಹೊಡೆದ ಹಾಗಾಯಿತು.

ಈಗ ಅವರ ಉತ್ತರಗಳು. ಇದನ್ನು ಓದಲೇಬೇಕು.

ಮೊದಲು ಕಂಪನಿ ಹುಡುಗ: "ಪಕ್ಕದ ಹೊಲದಿಂದ ಗಾಳಿಗೆ ಬಂದಿರುತ್ತಣ್ಣಾ." ನನ್ನ ಒಂದು ಪಕ್ಕ ಕಾಲುವೆ, ಇನ್ನೊಂದು ಪಕ್ಕ ಬೀಳು ಭೂಮಿ. ಬೀಳು ಭೂಮಿಗೆ ಯಾರಪ್ಪಾ ಎಣ್ಣೆ ಹೊಡೀತಾರೆ ಅಂದೆ. ಫೋನ್ ಇಟ್ಟ. ಅವತ್ತಿನಿಂದ ಎತ್ತುತ್ತಿಲ್ಲ.

ಅಂಗಡಿಯವರು: "ನಾನು ಬರೀ ಮಾರೋನು ಗೌಡ್ರೇ, ಒಳಗೆ ಏನಿದೆ ಅಂತ ನನಗೇನು ಗೊತ್ತು." ಮೀಟಿಂಗಿನ ದಿನ "ನಾನು ಗ್ಯಾರಂಟಿ" ಅಂತ ಎದೆ ತಟ್ಟಿಕೊಂಡಿದ್ದು ಇದೇ ಮನುಷ್ಯ.

ಆಮೇಲೆ ಮೇಲಿನ ಮ್ಯಾನೇಜರು. ತುಂಬಾ ಮರ್ಯಾದೆಯಿಂದ ಮಾತಾಡಿದರು, ಅದೇ ಇನ್ನೂ ಉರಿಸುತ್ತದೆ. "ಸರ್, ಬಾಟಲಿ ಕೈಯಲ್ಲಿದೆಯಾ? ಲೇಬಲ್ ಓದಿ. ನುಸಿ ಸಾಯುತ್ತೆ ಅಂತ ಎಲ್ಲಿ ಬರೆದಿದ್ದೀವಿ?" ಓದಿದೆ. ಎಲ್ಲೂ ಇಲ್ಲ. 'ಸಸ್ಯ ಬೆಳವಣಿಗೆಗೆ ಸಹಕಾರಿ' ಅಂತ ಇದೆ. "ಬಿಲ್ಲಿನಲ್ಲಿ ಏನಿದೆ ಸರ್?" ಬಿಲ್ಲಿನಲ್ಲಿ 'ಸಸ್ಯ ಪೋಷಕ' ಅಂತ ಇದೆ. "ನಿಮ್ಮ ಹುಡುಗ ಮೀಟಿಂಗಿನಲ್ಲಿ ಹೇಳಿದ್ನಲ್ಲಾ?" "ಅದಕ್ಕೆ ಪ್ರೂಫ್ ಇದೆಯಾ ಸರ್?" ಮೀಟಿಂಗಿನಲ್ಲಿ ಯಾರೂ ರೆಕಾರ್ಡ್ ಮಾಡಿಲ್ಲ. "ಆ ವಿಡಿಯೋದಲ್ಲಿ ನುಸಿ ಸತ್ತವು ಅಂತ ಇದೆಯಲ್ಲ, ನೀವೇ ಎಲ್ಲ ಕಡೆ ಹಂಚಿದ್ದೀರಲ್ಲ" ಅಂದೆ. ಅದಕ್ಕೆ ಬಂದ ಉತ್ತರ: "ಅದು ನಿಮ್ಮ ಅನುಭವ ಸರ್. ನಾವು ಹೇಳಿದ್ದಲ್ಲ."

ಅಲ್ಲಿಗೆ ನನಗೆ ಆಟ ಅರ್ಥವಾಯಿತು. ಬಾಯಲ್ಲಿ ಕೀಟನಾಶಕ, ಕಾಗದದಲ್ಲಿ ಪೋಷಕ. ಮಾರುವಾಗ ಬಾಯಿ, ಕೇಳೋಕೆ ಹೋದರೆ ಕಾಗದ. ನುಸಿ ಸತ್ತವು ಅಂತ ಹೇಳಿದ್ದು ನನ್ನ ಬಾಯಿ ಮಾತ್ರ, ಅದೂ ಪುಕ್ಕಟೆ.

ಕೊನೆಗೆ ಅವರು ಇನ್ನೊಂದು ಮಾತು ಹೇಳಿದರು: "ಇದು ಬಯೋಸ್ಟಿಮ್ಯುಲೆಂಟ್, ಇದಕ್ಕೆ ಕೀಟನಾಶಕದ ಲೈಸೆನ್ಸ್ ಬೇಕಿಲ್ಲ." ಬಯೋಸ್ಟಿಮ್ಯುಲೆಂಟ್ ಅಂದರೆ ಗಿಡ ಚೆನ್ನಾಗಿ ಬೆಳೆಯೋಕೆ ಕೊಡುವ ಮಾಲು. ಅವರ ಮಾತು ಅರ್ಧ ಸತ್ಯ. ಬಯೋಸ್ಟಿಮ್ಯುಲೆಂಟ್‌ಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದ್ದಾರೆ. ಆದರೆ ಅದೇ ನಿಯಮದಲ್ಲಿ ಅಂಥ ಮಾಲಿನಲ್ಲಿ ಕೀಟನಾಶಕ 0.01 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 0.01 ಭಾಗಕ್ಕಿಂತ) ಹೆಚ್ಚು ಇರಬಾರದು ಅಂತಲೂ ಇದೆ. ಹುಳ ಸಾಯಿಸುತ್ತೆ ಅಂತ ಮಾರುವುದಾದರೆ ಬೇವಿನ ಎಣ್ಣೆಯ ಮಾಲಾಗಲಿ, ಬವೇರಿಯಾ ಆಗಲಿ, 1968ರ ಕೀಟನಾಶಕ ಕಾಯ್ದೆಯ ಕೆಳಗೆ ನೋಂದಣಿ ಬೇಕೇ ಬೇಕು. ಜೈವಿಕ ಅಂದ ಮಾತ್ರಕ್ಕೆ ರಿಯಾಯಿತಿ ಇಲ್ಲ. ಇದನ್ನು ಹೇಳಿದ ಮೇಲೆ ಮ್ಯಾನೇಜರಿಗೂ ನೆಟ್‌ವರ್ಕ್ ಹೋಯಿತು.

ಕೃಷಿ ಇಲಾಖೆಗೆ ಹೋದೆ. ಅಲ್ಲಿನ ಸಾಹೇಬರು ತಾಳ್ಮೆಯಿಂದಲೇ ಕೇಳಿದರು. ಆದರೆ ಕೇಸಿಗೆ ನಾನು ಮಾಡಿಸಿದ ಟೆಸ್ಟ್ ಸಾಲುವುದಿಲ್ಲವಂತೆ, ಇನ್‌ಸ್ಪೆಕ್ಟರೇ ಅಂಗಡಿಗೆ ಹೋಗಿ ಸ್ಯಾಂಪಲ್ ತೆಗೆದು ಸರ್ಕಾರಿ ಲ್ಯಾಬಿಗೆ ಕಳಿಸಬೇಕಂತೆ. ಅವರು ಅಂಗಡಿಗೆ ಹೋಗುವಷ್ಟರಲ್ಲಿ ಆ ಹೆಸರಿನ ಒಂದು ಬಾಟಲಿಯೂ ಅಲ್ಲಿ ಇರಲಿಲ್ಲ. ಯಾರು ಸುದ್ದಿ ಕೊಟ್ಟರೋ. ಅದಕ್ಕೇ ಹೇಳುವುದು, ಅನುಮಾನ ಬಂದ ದಿನವೇ, ಅಂಗಡಿಯಲ್ಲಿ ಮಾಲು ಇರುವಾಗಲೇ ದೂರು ಕೊಡಿ. ಮೊದಲು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಬೇಡಿ, ಅದು ಅವನಿಗೆ ಎಚ್ಚರಿಕೆ ಕೊಟ್ಟ ಹಾಗೆ.

ಕೊಳ್ಳುವಾಗ ಬಾಟಲಿ ತಿರುಗಿಸಿ. ಮೂಲೆ ಮೇಲೆ ನಿಂತ ಚೌಕ, ಅದರ ಕೆಳಭಾಗಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ ಇದೆಯಾ? ನೋಂದಣಿ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ತಾರೀಖು ಇದೆಯಾ? ಒಳಗಿರುವುದರ ಹೆಸರು ಇದೆಯಾ? ಬಾಯಲ್ಲಿ ಹೇಳಿದ್ದನ್ನೇ ಬಿಲ್ಲಿನಲ್ಲಿ ಬರೆಸಿ. "ನುಸಿಗೆ" ಅಂತ ಬರೆಯೋಕೆ ಹಿಂದೇಟು ಹಾಕಿದರೆ ಎದ್ದು ಬನ್ನಿ. ಸಾವಯವ ಅಂತ ಹೊಡೆದದ್ದಕ್ಕೆ ರಾತ್ರಿ ಕಳೆಯೋದರೊಳಗೆ ಎಲ್ಲ ಸತ್ತು ಬಿದ್ದಿದ್ದರೆ ಖುಷಿ ಪಡಬೇಡಿ, ಒಂದು ಸೀಲ್ ಬಾಟಲಿ ಎತ್ತಿಡಿ. ಏನು ಹೊಡೆಯಬೇಕು ಅಂತ ಕಂಪನಿ ಹುಡುಗರನ್ನು ಕೇಳುವ ಬದಲು ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ಕೇಳಿ, ಅವರಿಗೆ ಮಾರೋ ಟಾರ್ಗೆಟ್ ಇಲ್ಲ. ಮತ್ತೆ, ಯಾರು ಎಷ್ಟೇ ಅಣ್ಣಾ ಅಂದರೂ ವಿಡಿಯೋ ಮಾಡಿಕೊಡಬೇಡಿ.

ಕಾಲುವೆ ಪಕ್ಕದ ಹೊಲದಲ್ಲಿ, ತಲೆಗೆ ಬಿಳಿ ಟವೆಲ್ ಸುತ್ತಿಕೊಂಡ ಒಬ್ಬ ರೈತ ಬಾಟಲಿ ಹಿಡಿದು "ಒಂದೇ ರಾತ್ರಿಗೆ ಎಲ್ಲ ಕ್ಲೀನ್" ಅನ್ನುವ ವಿಡಿಯೋ ನಿಮ್ಮೂರಿನ ಮೀಟಿಂಗಿನಲ್ಲಿ ತೋರಿಸಿದರೆ, ಅದು ನಾನೇ. ಆ ಮಾತನ್ನು ವಾಪಸ್ ತಗೊಂಡಿದ್ದೇನೆ ಅಂತ ಅಲ್ಲೇ ಎದ್ದು ನಿಂತು ಹೇಳಿ. ಇದೇ ಥರ ಮಾಲು ತಗೊಂಡು ಮೋಸ ಹೋದವರು ಬಿಲ್ಲು, ಬಾಟಲಿ ಫೋಟೋ ಇದ್ದರೆ ನನಗೆ ಮೆಸೇಜ್ ಮಾಡಿ. ಒಬ್ಬನ ದೂರಿಗಿಂತ ಹತ್ತು ಜನರ ದೂರು ಒಟ್ಟಿಗೆ ಹೋದರೆ ಫೈಲು ಬೇಗ ಓಡುತ್ತೆ ಅಂತ ಸಾಹೇಬರೇ ಹೇಳಿದ್ದಾರೆ.